ಹಿಂದಿನ ಸೀಟಿನ ತೂಕ

ಹಿಂದಿನ ಸೀಟು ಇಪ್ಪತ್ತೊಂದು ಕೆ.ಜಿ. ನಾನೂರು ಗ್ರಾಂ ತೂಗಿತು. ಇದು ಅಂದಾಜಿನ ಮಾತಲ್ಲ. ತೂಗಿದವನು ತಕ್ಕಡಿ. ಅದು ಅವನ ಹೆಸರಲ್ಲ ಬಿಡಿ, ಆದರೆ ಹೆಸರು ಹಿಡಿದು ಕೇಳಿದರೆ ಆ ಬೀದಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ; ತಕ್ಕಡಿ ಮನೆ ಎಲ್ಲಿ ಅಂದರೆ ಕುರುಡನೂ ಕೈ ತೋರಿಸುತ್ತಾನೆ. ತೂಕದ ಯಂತ್ರ ರಿಪೇರಿ ಅವನ ಕಸುಬು. ದಿನಸಿ ಅಂಗಡಿಯ ಸಣ್ಣ ತಕ್ಕಡಿಯಿಂದ ಹಿಡಿದು ಗೋದಾಮಿನ ದೊಡ್ಡ ಕಟ್ಟೆ ಕಾಟಾವರೆಗೆ ಎಲ್ಲವೂ ಅವನ ಕೈಯಲ್ಲೇ ನೆಟ್ಟಗಾಗಬೇಕು. ಐದು ಗ್ರಾಂ ಆಚೀಚೆ ಆದರೂ ಅನ್ನ ಸೇರದ ಮನುಷ್ಯ. ಅಂಥವನು ಒಮ್ಮೆ ಏಳು ಕೆ.ಜಿ. ತಪ್ಪಿದ. ಅದೂ ಸ್ವಂತ ಅತ್ತೆಯ ವಿಷಯದಲ್ಲಿ.

ಮೂವತ್ತೆಂಟು ವರ್ಷದವರೆಗೆ ಅವನಿಗೊಂದು ಸ್ಕೂಟರ್ ಸಾಕಾಗಿತ್ತು. ಆಮೇಲೆ ಕಾರು ಬಂತು. ಹನ್ನೊಂದು ವರ್ಷ ಹಳೆಯದು, ಮೂರು ಕೈ ದಾಟಿ ಬಂದದ್ದು. ಹೊರಗಿಂದ ನೋಡಿದರೆ ಮಾಸಿದ ಕೆಂಪು ಬಣ್ಣದ, ನಾಲ್ಕು ಬಾಗಿಲಿನ ಪುಟ್ಟ ಕಾರು. ಬಾನೆಟ್ ಎತ್ತಿದರೆ ಟರ್ಬೊ ಎಂಜಿನ್. ಕಾಲು ಒತ್ತಿದರೆ ಬೆನ್ನಿಗೆ ಯಾರೋ ಗುದ್ದಿದ ಹಾಗೆ ಮುಂದೆ ಹಾರುತ್ತಿತ್ತು. ಮೊದಲ ಯಜಮಾನ ಮುಂದಿನ ಸೀಟು ಎರಡನ್ನೂ ಕಿತ್ತು ರೇಸಿನವರ ಸೀಟು ಹಾಕಿಸಿದ್ದ. ತೊಟ್ಟಿಯಂತೆ ಆಳ, ನೆಲಕ್ಕೆ ಅಂಟಿದಷ್ಟು ತಗ್ಗು. ತಕ್ಕಡಿಗೆ ಇದು ಶೋಕಿಯೂ ಹೌದು, ದುಡಿಮೆಯೂ ಹೌದು. ದಿನಾ ಬೆಳಿಗ್ಗೆ ಅತ್ತೆಯನ್ನು ಆಸ್ಪತ್ರೆಗೆ ಬಿಡುವುದು, ಅಲ್ಲಿಂದ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ನೋಡುವುದು. ಡಿಕ್ಕಿಯಲ್ಲಿ ಸದಾ ಇಪ್ಪತ್ತು ಕೆ.ಜಿ.ಯ ಎರಡು ಕಬ್ಬಿಣದ ಬಟ್ಟು. ತಕ್ಕಡಿ ಸರಿ ಇದೆಯೋ ಇಲ್ಲವೋ ಎಂದು ಹೇಳುವ ಸಾಕ್ಷಿ ಅವು.

ಅತ್ತೆ ಅಂದರೆ ಸೋದರತ್ತೆ, ಅಪ್ಪನ ತಂಗಿ. ಅವನಿಗೆ ನಾಲ್ಕು ವರ್ಷವಿದ್ದಾಗ ಹೆತ್ತವಳು ತೀರಿಕೊಂಡಳು. ಹದಿನೈದು ದಿನ ಇದ್ದು ಹೋಗುತ್ತೇನೆಂದು ಬಂದ ಅತ್ತೆ ಮತ್ತೆ ಹೋಗಲೇ ಇಲ್ಲ. ಅವನು ಸ್ವಲ್ಪ ದೊಡ್ಡವನಾದ ಮೇಲೆ ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸ ಹಿಡಿದಳು. ಹರಿದ ಹಾಸಿಗೆ ಬಟ್ಟೆ ಹೊಲಿಯುವುದು, ಒಗೆದು ಬಂದದ್ದನ್ನು ಮಡಚಿ ವಾರ್ಡಿಗೊಂದು ಕಟ್ಟು ಮಾಡಿ ಚೀಟಿ ಸಿಕ್ಕಿಸುವುದು. ಇಪ್ಪತ್ತಾರು ವರ್ಷ ಕಿಟಕಿ ಪಕ್ಕದ ಅದೇ ಕುರ್ಚಿ. ಅಕ್ಷರ ಬಾರದಿದ್ದರೂ ನಡೆಯುತ್ತಿತ್ತು, ಯಾಕೆಂದರೆ ಚೀಟಿಗಳಿಗೆ ಬಣ್ಣವಿತ್ತು. ಹಸಿರು ಮಕ್ಕಳ ವಾರ್ಡು, ಹಳದಿ ಹೆರಿಗೆ, ಕೆಂಪು ಆಪರೇಷನ್.

ಕಾರು ಬಂದ ಮೊದಲ ದಿನವೇ ಅವಳು ಮುಂದಿನ ಸೀಟು ನೋಡಿ, "ಇದರೊಳಗೆ ಇಳಿದ್ರೆ ನನ್ನ ಮಂಡಿ ಮೇಲೆ ಬರಲ್ಲ ಕಣೋ" ಅಂತ ಹಿಂದೆ ಹೋಗಿ ಕೂತಳು. ಎಡಗಡೆ ಕಿಟಕಿ ಅವಳದಾಯಿತು. ಒಂದು ವಾರ ಕಳೆದ ಮೇಲೆ ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದಳು, "ಆ ನೀಲಿ ಬೋರ್ಡಲ್ಲಿ ಏನು ಬರೆದಿದೆ?"

"ಹಲ್ಲಿನ ಡಾಕ್ಟರು ಅಂತ."

"ಹಲ್ಲು ಅನ್ನೋಕೆ ಎಷ್ಟು ಅಕ್ಷರ?"

"ಎರಡು."

"ಬಾಯಲ್ಲಿ ಮೂವತ್ತೆರಡು ಇಟ್ಟುಕೊಂಡು ಗೋಡೆ ಮೇಲೆ ಎರಡೇನಾ?"

ಹಾಗೆ ಶುರುವಾಯಿತು. ಮನೆಯಲ್ಲಿ ಕಲಿಯುವ ಹಾಗಿರಲಿಲ್ಲ, ಅಲ್ಲಿ ಅಪ್ಪ ಇದ್ದ. ಒಮ್ಮೆ ತಂಗಿ ಹಳೆಯ ಪೇಪರು ಹಿಡಿದು ಕೂತದ್ದನ್ನು ನೋಡಿ, "ಅರವತ್ತಕ್ಕೆ ಅರಳುಮರಳು ಅಂತಾರೆ, ನಿನಗೆ ನಾಲ್ಕು ವರ್ಷ ಮೊದಲೇ ಬಂತಾ?" ಅಂದುಬಿಟ್ಟಿದ್ದ. ಅತ್ತೆ ಪೇಪರನ್ನು ಕಪಾಟಿನ ಕೆಳಗೆ ಹಾಸಿಬಿಟ್ಟಿದ್ದಳು. ಹಾಗಾಗಿ ಪಾಠವೆಲ್ಲ ಕಾರಿನಲ್ಲೇ, ಬೆಳಗಿನ ನಲವತ್ತು ನಿಮಿಷ. "ಮನೇಲಿ ನಾನು ನಿನ್ನ ಅತ್ತೆ, ಇಲ್ಲಿ ನೀನು ಮೇಷ್ಟ್ರು. ಬೈಬೇಡ ಅಷ್ಟೇ" ಅನ್ನುತ್ತಿದ್ದಳು. ಮೂರನೇ ವಾರಕ್ಕೆ ಅವಳು ಪಟಪಟ ಓದತೊಡಗಿದಳು. ತಕ್ಕಡಿ ಹಿಗ್ಗಿಹೋದ. ಒಂದು ದಿನ ದಾರಿಯಲ್ಲಿದ್ದ ಬೇಕರಿ ಮುಚ್ಚಿ ಆ ಜಾಗಕ್ಕೆ ಮೊಬೈಲ್ ಅಂಗಡಿ ಬಂತು. ಹೊಸ ಬೋರ್ಡು ನೋಡಿಯೂ ಅತ್ತೆ ಬೇಕರಿ ಅಂತಲೇ ಓದಿದಳು. ಅಷ್ಟು ದಿನ ಬಾಯಿಪಾಠ ಮಾಡಿಕೊಂಡು ಅವನ ಕಣ್ಣಿಗೆ ಮಣ್ಣೆರಚಿದ್ದಳು, ಕಳ್ಳಿ. ಅವತ್ತಿಂದ ಅವನು ದಿನಕ್ಕೊಂದು ದಾರಿ ಹಿಡಿದ. ಗೊತ್ತಿಲ್ಲದ ಬೀದಿ, ಗೊತ್ತಿಲ್ಲದ ಬೋರ್ಡು. ಅತ್ತೆ ಎಡವಿದಳು, ಸಿಟ್ಟು ಮಾಡಿಕೊಂಡಳು, ಆಮೇಲೆ ನಿಜವಾಗಿ ಕಲಿತಳು.

ಬರೆಯುವ ಹೊತ್ತು ಬಂದಾಗ ಅವನು ಕಿಟಕಿಯ ಗಾಜಿನ ಮೇಲಿನ ಧೂಳು ತೋರಿಸಿ, "ಅಲ್ಲಿ ನಿನ್ನ ಹೆಸರು ಬರಿ" ಅಂದ.

"ನನ್ನ ಹೆಸರು ಹಿಡಿದು ಯಾರು ಕರೀತಾರೆ ಈಗ? ಅತ್ತೆ ಅಂತ ಹೇಳಿಕೊಡು, ಅದನ್ನೇ ಬರೀತೀನಿ."

ಬೆರಳಲ್ಲಿ ಬರೆದಳು. ಒತ್ತಕ್ಷರ ಕೆಳಗೆ ಜಾರಿ ಬಾಗಿಲಿನ ಪಟ್ಟಿ ಮುಟ್ಟಿತ್ತು. ತಕ್ಕಡಿ ಎರಡು ವಾರ ಆ ಗಾಜು ಒರೆಸಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಅವನು ಪುಣ್ಯವಂತ. ಆದರೆ ಕೈಗೆ ಕಾರು ಬಂದಿತ್ತಲ್ಲ, ಜೊತೆಗೆ ಫೋನೂ ಇತ್ತು. ಫೋನಿನಲ್ಲಿ ಇಂಥ ಕಾರಿನವರದೊಂದು ಗುಂಪು. ಕಡಿಮೆ ಖರ್ಚಿನಲ್ಲಿ ಗಾಡಿಯ ಶಕ್ತಿ ಹೆಚ್ಚಿಸುವುದು ಹೇಗೆ ಅಂತ ಅಲ್ಲಿ ದಿನವಿಡೀ ಚರ್ಚೆ. ತಕ್ಕಡಿ ಓದಿ ಓದಿ ತಲೆ ಕೆಡಿಸಿಕೊಂಡ. ಗ್ಯಾರೇಜಿನ ಮೇಸ್ತ್ರಿ, ಇವನ ಹಳೆಯ ಸ್ನೇಹಿತ, ಮೊದಲೇ ಹೇಳಿದ್ದ, "ಟೈರು ಸವೆದಿದೆ, ಬ್ರೇಕ್ ಪ್ಯಾಡ್ ಕಾಗದ ಆಗಿದೆ. ಮೊದಲು ಗಾಡಿ ಕೇಳಿದ್ದು ಕೊಡು. ನೀನು ಕೇಳಿದ್ದು ಆಮೇಲೆ." ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಹೊಸಬರೆಲ್ಲ ಮಾಡುವುದನ್ನೇ ಇವನೂ ಮಾಡಿದ, ಮೊದಲು ಸದ್ದು. ಗುಜರಿಯಿಂದ ದಪ್ಪನೆಯ ಸೈಲೆನ್ಸರ್ ತಂದು ಹಾಕಿಸಿದ. ಹೊರಗೆ ಗುಡುಗು, ಒಳಗೆ ಹಿಟ್ಟಿನ ಗಿರಣಿ. ಹಿಂದಿನ ಸೀಟಿನ ಮಾತು ಮುಂದಕ್ಕೆ ಬರುವುದು ನಿಂತೇಹೋಯಿತು.

ಆ ಗಿರಣಿ ಸದ್ದಿನೊಳಗೇ ಒಂದು ಬೆಳಿಗ್ಗೆ ಅತ್ತೆ ಅವನಿಗೊಂದು ವಿಷಯ ಹೇಳಿದಳು. ಆಸ್ಪತ್ರೆಯಲ್ಲಿ ಬಣ್ಣದ ಚೀಟಿ ತೆಗೆದುಹಾಕುತ್ತಾರಂತೆ. ಇನ್ನು ಮೇಲೆ ಎಲ್ಲವೂ ಬಿಳಿ ಚೀಟಿ, ವಾರ್ಡಿನ ಹೆಸರು ಅಚ್ಚು ಹಾಕಿದ್ದು. ಮೂರು ತಿಂಗಳ ನಂತರ ಬಟ್ಟೆ ಕೋಣೆಯವರೆಲ್ಲ ಮೇಲಿನವರ ಮುಂದೆ ಚೀಟಿ ಓದಿ ತೋರಿಸಬೇಕು, ಒಂದು ಸಾಲು ಬರೆಯಬೇಕು. ಓದಿದವರಿಗೆ ಕುರ್ಚಿ, ಓದದವರು ಒಗೆಯುವ ಕಡೆಗೆ. ಒಗೆಯುವ ಕಡೆ ಅಂದರೆ ದಿನವಿಡೀ ಹಬೆ, ನೀರಲ್ಲಿ ನಿಂತು ಒದ್ದೆ ಬಟ್ಟೆ ಎಳೆಯುವುದು. "ಅದಕ್ಕೇ ಕಣೋ ನಾನು ಇಷ್ಟೊಂದು ಒದ್ದಾಡ್ತಿರೋದು. ಇನ್ನು ಸ್ವಲ್ಪ ಜೋರಾಗಿ ಹೇಳಿಕೊಡು" ಅಂದಳು. ತಕ್ಕಡಿಗೆ ಒಂದಕ್ಷರವೂ ಕೇಳಿಸಲಿಲ್ಲ. ಕನ್ನಡಿಯಲ್ಲಿ ಅವಳ ಬಾಯಿ ಆಡುವುದು ಕಂಡಿತು. ಹೂಂ ಅಂತ ತಲೆಯಾಡಿಸಿ ಗೇರ್ ಬದಲಿಸಿದ. ಅವಳು ನಕ್ಕು ಸಮಾಧಾನದಿಂದ ಒರಗಿ ಕೂತಳು.

ಸದ್ದು ಬಂತು, ವೇಗ ಬರಲಿಲ್ಲ. ಗುಂಪಿನಲ್ಲಿ ಯಾರೋ ಬರೆದರು: ಹಣವಿಲ್ಲದವನಿಗೆ ದಾರಿ ಒಂದೇ, ಭಾರ ಇಳಿಸು, ಬಿಚ್ಚುವುದಕ್ಕೆ ಸ್ಪಾನರ್ ಸಾಕು, ಖರ್ಚಿಲ್ಲ. ತೂಕದ ಮಾತು ಬಂದರೆ ತಕ್ಕಡಿ ಬಿಡುತ್ತಾನೆಯೇ? ಒಂದು ಭಾನುವಾರ ಮಧ್ಯಾಹ್ನ ಹಿತ್ತಿಲಿಗೆ ಕಾಟಾ ತಂದಿಟ್ಟ. ಒಂದೊಂದೇ ಬಿಚ್ಚಿದ, ಒಂದೊಂದೇ ತೂಗಿದ. ಬಟ್ಟೆ ಒಣಗಿಸುವ ಹಗ್ಗದ ಹಿಂದಿನ ಗೋಡೆಯ ಮೇಲೆ, ಸಜ್ಜದ ಕೆಳಗೆ, ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದ. ಸ್ಟೆಪ್ನಿ ೧೨. ಜಾಕು ೩. ಕಾರ್ಪೆಟ್ಟು ೯. ತಕ್ಕಡಿ ಬಟ್ಟು ೪೦. ಸಾಕ್ಷಿ ಕಲ್ಲುಗಳನ್ನೂ ಇಳಿಸಿ ಅಂಗಡಿಯಲ್ಲಿ ಬಿಟ್ಟ ಅಂದರೆ ನೋಡಿ ಹುಚ್ಚು ಎಷ್ಟಿತ್ತು ಅಂತ. ಕೊನೆಗೆ ಹಿಂದಿನ ಸೀಟು.

ಅತ್ತೆ ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ಹಿತ್ತಿಲಿಗೆ ಬಂದಳು. ಸೀಟು ಕಾಟಾದ ಮೇಲೆ ಕೂತಿತ್ತು.

"ಯಾಕೆ ಮಗಾ, ಹರಿದಿತ್ತಾ?"

"ಇಲ್ಲ ಅತ್ತೆ, ಭಾರ ಕಮ್ಮಿ ಮಾಡ್ತಿದೀನಿ. ನೀನು ಮುಂದೆ ಕೂತ್ಕೋ ಇನ್ನು."

ಸೋಮವಾರ ಅವಳು ಮುಂದೆ ಕೂತಳು. ತೊಟ್ಟಿಯೊಳಗಿಂದ ಅವಳಿಗೆ ಕಂಡದ್ದು ಪಕ್ಕದ ಲಾರಿಯ ಚಕ್ರ, ಮೇಲೆ ಒಂದು ತುಂಡು ಆಕಾಶ. ಒಂದು ಬೋರ್ಡೂ ಇಲ್ಲ. ಆಸ್ಪತ್ರೆಯ ಗೇಟಿನಲ್ಲಿ ಏಳಲಾಗಲಿಲ್ಲ. ಕಾವಲುಗಾರ ಬಂದು ಎರಡೂ ಕೈ ಹಿಡಿದು ಬಾವಿಯಿಂದ ಎಳೆದ ಹಾಗೆ ಎಳೆದ, ಬಟ್ಟೆ ಕೋಣೆಯವರೆಲ್ಲ ನಿಂತು ನೋಡಿದರು. ಸಂಜೆ ಮನೆಗೆ ಬಂದು, "ನನಗೆ ಬಸ್ಸೇ ಸಲೀಸು ಕಣೋ. ನೀನು ಆರಾಮಾಗಿ ಹೋಗು" ಅಂದಳು. ತಕ್ಕಡಿ ಬೇಡ ಅನ್ನಲಿಲ್ಲ. ಮುಚ್ಚಿಡುವುದೇಕೆ, ಅವನಿಗೆ ಒಳಗೊಳಗೇ ಹಗುರವಾಯಿತು. ಅವಳು ಐವತ್ತೆಂಟು ಕೆ.ಜಿ. ಅಂತ ಅವನಿಗೆ ಗೊತ್ತಿತ್ತು. ವರ್ಷಗಳಿಂದ ಹೊಸದಾಗಿ ಸರಿಮಾಡಿದ ಕಾಟಾದ ಮೇಲೆ ಮೊದಲು ಅವಳನ್ನೇ ನಿಲ್ಲಿಸುತ್ತಿದ್ದ, ಮುಳ್ಳು ಐವತ್ತೆಂಟು ಬಿಟ್ಟು ಕದಲುತ್ತಿರಲಿಲ್ಲ. ಹಿತ್ತಿಲಿಗೆ ಹೋಗಿ ಗೋಡೆಯ ಪಟ್ಟಿಯ ಕೊನೆಯಲ್ಲಿ ತಮಾಷೆಗೆ ಇನ್ನೊಂದು ಸಾಲು ಸೇರಿಸಿದ: ಅತ್ತೆ ೫೮. ಕೆಳಗೆ ಗೆರೆ ಎಳೆದು ಒಟ್ಟು ಹಾಕಿದ. ಫೋಟೋ ತೆಗೆದು ಗುಂಪಿಗೆ ಕಳಿಸಿದ. ಇಪ್ಪತ್ತು ಜನ ನಕ್ಕರು. ಸೀಮೆಸುಣ್ಣ ಒರೆಸಬೇಕೆಂದು ಅವನಿಗೆ ತೋಚಲೇ ಇಲ್ಲ.

ಮೇಸ್ತ್ರಿ ಮಾತ್ರ ನಗಲಿಲ್ಲ. ಖಾಲಿ ಹಿಂಬದಿ ನೋಡಿ, ಇವನ ಹೊಟ್ಟೆ ನೋಡಿ, "ಇದನ್ನ ಇಳಿಸಿದ್ರೆ ಸಾಕಿತ್ತಲ್ಲೋ, ಸ್ಪಾನರೂ ಬೇಕಿರ್ಲಿಲ್ಲ" ಅಂದ. ಸೀಟನ್ನು ಪಂಕ್ಚರ್ ಅಂಗಡಿಯವನು ಒಯ್ದು ಗಿರಾಕಿಗಳಿಗೆ ಬೆಂಚು ಮಾಡಿಕೊಂಡ. ಫೋನಿನ ಗಡಿಯಾರ ಹಿಡಿದು ಅಳೆದಾಗ ಕಾರು ಮೊದಲಿಗಿಂತ ಅರ್ಧ ಸೆಕೆಂಡು ಬೇಗ ಓಡಿತ್ತು.

ಅವನ ಬೆಳಗಿನ ದಾರಿಗೆ ಈಗ ಇಪ್ಪತ್ತೈದೇ ನಿಮಿಷ. ಅತ್ತೆ ಮುಕ್ಕಾಲು ಗಂಟೆ ಮೊದಲೇ ಮನೆ ಬಿಡುತ್ತಿದ್ದಳು. ಬಸ್ಸಿನಲ್ಲಿ ಜನರ ಬೆನ್ನು ಬಿಟ್ಟರೆ ಓದುವುದಕ್ಕೆ ಏನೂ ಇರಲಿಲ್ಲ. ಪಾಠ ಏನಾಯಿತು ಅಂತ ತಕ್ಕಡಿ ಒಮ್ಮೆ ಕೇಳಿದ. "ಸಾಕು ಬಿಡು, ಎಷ್ಟು ಬೇಕೋ ಅಷ್ಟು ಬಂತು" ಅಂದಳು. ಅಷ್ಟಕ್ಕೇ ಅವನು ನಂಬಿದ.

ಏಳೆಂಟು ತಿಂಗಳಾದ ಮೇಲೆ ಆಸ್ಪತ್ರೆಯಿಂದಲೇ ಕರೆ ಬಂತು. ಒಗೆಯುವ ಕಡೆಯ ಕಾಟಾ ಅಲುಗಾಡುತ್ತಿದೆಯಂತೆ. ಅಲ್ಲಿ ಬಟ್ಟೆಯನ್ನು ಕೆ.ಜಿ. ಲೆಕ್ಕದಲ್ಲಿ ತೂಗಿ ಯಂತ್ರಕ್ಕೆ ಹಾಕುತ್ತಾರೆ. ತಕ್ಕಡಿ ಹೋದ. ಹಬೆಯ ನಡುವೆ ರಬ್ಬರ್ ಬೂಟು ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒದ್ದೆ ಹಾಸುಗಳನ್ನು ಗಾಡಿಗೆ ಎಳೆಯುತ್ತಿದ್ದವಳು ಅವನ ಅತ್ತೆ.

"ನೀನಿಲ್ಲಿ?"

"ಇವತ್ತು ಇಲ್ಲಿ ಆಳು ಕಮ್ಮಿ ಇದ್ರು," ಅಂದಳು ಮುಖ ಒರೆಸಿಕೊಳ್ಳುತ್ತಾ.

ಅವನು ಕಾಟಾದ ತಟ್ಟೆ ಎತ್ತಿ ಕೆಳಗೆ ಸಿಕ್ಕಿದ್ದ ನೂಲಿನ ಉಂಡೆ ತೆಗೆದ. ಆಗ ಅಲುಗಾಟ ನಿಂತಿತು. ಸರಿ ತೂಗುತ್ತದೆಯೇ ಎಂದು ನೋಡಲು ಬಟ್ಟು ಬೇಕು. ಬಟ್ಟು ಅಂಗಡಿಯಲ್ಲಿ, ಗೋಡೆ ಪಟ್ಟಿಯ ನಾಲ್ಕನೇ ಸಾಲು! ಬಟ್ಟು ಇಲ್ಲದಿದ್ದರೇನು, ಐವತ್ತೆಂಟು ಕೆ.ಜಿ. ಎದುರಿಗೇ ನಿಂತಿತ್ತಲ್ಲ. "ಅತ್ತೆ, ಬೂಟು ಬಿಚ್ಚಿ ಒಂದು ನಿಮಿಷ ಇದರ ಮೇಲೆ ನಿಲ್ಲು." ಅವಳು ನಿಂತಳು. ಐವತ್ತೊಂದು ತೋರಿಸಿತು. "ನೋಡು, ಏಳು ಕೆ.ಜಿ. ಕಮ್ಮಿ ಹೊಡೀತಿದೆ ಇದು" ಅಂತ ತಕ್ಕಡಿ ತಿರುಪು ತಿರುಗಿಸಿ ಐವತ್ತೆಂಟಕ್ಕೆ ತಂದು ನಿಲ್ಲಿಸಿದ. ಅತ್ತೆ ಇಳಿದು ಬೂಟು ಹಾಕಿಕೊಂಡಳು.

ಮಾರನೇ ದಿನವೇ ಬಟ್ಟೆ ವಿಭಾಗದ ಮೇಲ್ವಿಚಾರಕಿಯ ಫೋನು. "ಏನ್ರೀ ರಿಪೇರಿ ಮಾಡಿದ್ದು? ಸೋಪಿನ ಪುಡಿ ಇಪ್ಪತ್ತೈದು ಕೆ.ಜಿ. ಚೀಲ, ಹೊಲಿಗೇನೂ ಬಿಚ್ಚಿಲ್ಲ, ಇಪ್ಪತ್ತೆಂಟೂವರೆ ತೋರಿಸ್ತಿದೆ." ತಕ್ಕಡಿಗೆ ಅವಮಾನವಾಯಿತು. ಈ ಸಲ ಕಬ್ಬಿಣದ ಬಟ್ಟು ಹೊತ್ತುಕೊಂಡೇ ಹೋದ. ನಲವತ್ತು ಇಟ್ಟರೆ ನಲವತ್ತೈದೂವರೆ. ತಿರುಪನ್ನು ನಿನ್ನೆ ಇದ್ದಲ್ಲಿಗೇ ವಾಪಸು ತಿರುಗಿಸಿದ. ನಲವತ್ತಕ್ಕೆ ನಲವತ್ತು ಬಂತು. ಕಾಟಾ ನಿನ್ನೆಯೂ ಸರಿಯಾಗಿಯೇ ಇತ್ತು. ತಟ್ಟೆಯ ಮೇಲೆ ಕೈ ಊರಿ ಅವನು ಹಾಗೇ ಕುಕ್ಕರಗಾಲಲ್ಲಿ ಕೂತ. ಇಪ್ಪತ್ತು ವರ್ಷದಿಂದ ಜಗತ್ತಿನ ತೂಕ ನೋಡುವವನಿಗೆ, ದಿನಾ ಎದುರಿಗೆ ಕೂತು ಉಣ್ಣುವವಳು ಏಳು ಕೆ.ಜಿ. ಇಳಿದದ್ದು ಕಂಡಿರಲಿಲ್ಲ.

"ನಮ್ಮ ಅತ್ತೆ ಇಲ್ಲಿ ಎಷ್ಟು ದಿನದಿಂದ ಇದ್ದಾರೆ?" ಅಂತ ಮೇಲ್ವಿಚಾರಕಿಯನ್ನು ಕೇಳಿದ.

"ಐದು ತಿಂಗಳಾಯ್ತು. ನಿಮಗೆ ಹೇಳಿಲ್ವಾ?" ಆಮೇಲೆ ಆಕೆ ಚೀಟಿಯ ವಿಷಯ, ಪರೀಕ್ಷೆಯ ವಿಷಯ ಎಲ್ಲ ಹೇಳಿದಳು. "ನನಗೆ ಬೇಜಾರಾಗಿದ್ದು ಏನು ಗೊತ್ತಾ? ಪರೀಕ್ಷೆಗೆ ಮೊದಲು ಬಿಳಿ ಚೀಟಿಯ ಮಾದರಿ ಬಂದಾಗ ಅವರು ಓದಿದ್ದನ್ನ ನಾನೇ ನೋಡಿದ್ದೆ. ಆ ದಿನ ಎಲ್ಲರ ಮುಂದೆ ಚೀಟಿ ಕೈಗೆ ಕೊಟ್ರೆ, ನನಗೆ ಅಕ್ಷರ ಬರಲ್ಲ ಅಂತ ಕೆಳಗಿಟ್ಟು ಹೋಗ್ಬಿಟ್ರು."

ಮಧ್ಯಾಹ್ನ ಅತ್ತೆ ಹಿಂಬಾಗಿಲ ಬೆಂಚಿನ ಮೇಲೆ ಬುತ್ತಿ ಬಿಚ್ಚಿ ಕೂತಿದ್ದಳು. ಬೆರಳ ತುದಿಗಳೆಲ್ಲ ನೀರಲ್ಲಿ ನೆನೆದು ಸುಕ್ಕಾಗಿದ್ದವು. ಅವನು ಪಕ್ಕದಲ್ಲಿ ಕೂತ.

"ಯಾಕತ್ತೆ ನನಗೆ ಹೇಳಲಿಲ್ಲ?"

"ಹೇಳಿದ್ನಲ್ಲೋ. ಕಾರಲ್ಲಿ. ನೀನು ಹೂಂ ಅಂದೆ."

ಅವನಿಗೆ ನೆನಪಾಯಿತು. ಕನ್ನಡಿಯಲ್ಲಿ ಆಡುತ್ತಿದ್ದ ಬಾಯಿ ನೆನಪಾಯಿತು. "ಆದರೆ ನಿನಗೆ ಓದೋಕೆ ಬರ್ತಿತ್ತು. ಬರಲ್ಲ ಅಂತ ಯಾಕಂದೆ?"

ಅತ್ತೆ ಬುತ್ತಿಯ ಮುಚ್ಚಳ ಹಾಕಿದಳು. "ಹಿತ್ತಿಲ ಗೋಡೆ ಮೇಲೆ ಬರೆದಿದ್ದೀಯಲ್ಲ, ಅದನ್ನ ಓದಿದೆ. ಬಟ್ಟೆ ಹರವೋಕೆ ಹೋದಾಗ. ಯಾರನ್ನೂ ಕೇಳದೆ ಪೂರ್ತಿ ಓದಿದ್ದು ಅದೇ ಮೊದಲು. ಸ್ಟೆಪ್ನಿ ಅಂತ ಓದೋಕೆ ಕಷ್ಟ ಆಯ್ತು. ಅತ್ತೆ ಅನ್ನೋದು ಕಷ್ಟ ಆಗ್ಲಿಲ್ಲ, ಅದು ನೀನೇ ಕಲಿಸಿದ್ದು."

"ತಮಾಷೆಗೆ ಬರೆದದ್ದು ಅತ್ತೆ. ನನ್ನಾಣೆ."

"ಗೊತ್ತು ಕಣೋ, ತಮಾಷೆ ಅಂತ ಗೊತ್ತು. ಆದರೂ ಅವತ್ತು ಆ ಬಿಳಿ ಚೀಟಿ ಕೈಗೆ ಕೊಟ್ರಲ್ಲ, ಅಕ್ಷರ ಕಂಡ ಕೂಡಲೇ ಆ ಗೋಡೆ ಕಣ್ಮುಂದೆ ಬಂತು. ಜಾಕು, ಕಾರ್ಪೆಟ್ಟು, ನಾನು. ಓದಬೇಕು ಅಂತ ಅನಿಸಲೇ ಇಲ್ಲ. ಬರಲ್ಲ ಅಂದುಬಿಟ್ಟೆ." ಅವನ ಭುಜ ತಟ್ಟಿದಳು. "ಊಟ ಮಾಡಿದ್ಯಾ ನೀನು?"

ತಕ್ಕಡಿ ಅವತ್ತೇ ಒದ್ದೆ ಬಟ್ಟೆ ಹಿಡಿದು ಗೋಡೆ ಒರೆಸಿದ. ಪಂಕ್ಚರ್ ಅಂಗಡಿಯವನ ಕೈಕಾಲು ಹಿಡಿದು ಸೀಟು ಬಿಡಿಸಿಕೊಂಡು ಬಂದ. ಒಂದು ಪಕ್ಕ ಬಿಸಿಲಿಗೆ ಬೆಳ್ಳಗಾಗಿತ್ತು, ಪಂಕ್ಚರ್ ಸೊಲ್ಯೂಷನ್ನಿನ ವಾಸನೆ ಹಿಡಿದಿತ್ತು. ಮೇಸ್ತ್ರಿಯ ಹತ್ತಿರ ಹಳೆಯ ಸೈಲೆನ್ಸರನ್ನೇ ಮತ್ತೆ ಹಾಕಿಸಿದ. ಮೇಸ್ತ್ರಿ ಈ ಸಲ ಗೇಲಿ ಮಾಡಲಿಲ್ಲ, ಬ್ರೇಕ್ ಪ್ಯಾಡನ್ನೂ ಬದಲಿಸಿ ಕೊಟ್ಟ. ಇನ್ನೊಂದು ಪರೀಕ್ಷೆ ಇಡುತ್ತೀರಾ ಎಂದು ಮೇಲ್ವಿಚಾರಕಿಯನ್ನೂ ಕೇಳಿಬಂದಿದ್ದ. ಅವರಾಗಿ ಬಂದು ಓದುತ್ತೇನೆ ಅಂದರೆ ನಾನು ಮಾತಾಡುತ್ತೇನೆ ಅಂದಿದ್ದಳು ಆಕೆ.

ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೊರಟ ಅತ್ತೆಯನ್ನು ಬಾಗಿಲಲ್ಲಿ ತಡೆದ. "ಸೀಟು ಹಾಕಿದ್ದೀನಿ ಅತ್ತೆ, ಬಾ." ಅವಳು ಒಂದು ಕ್ಷಣ ನಿಂತು, ಹಿಂದಿನ ಬಾಗಿಲು ತೆಗೆದು ಎಡಗಡೆ ಕೂತಳು. ಕಾರು ಎಷ್ಟು ಸದ್ದಿಲ್ಲದೆ ಹೋಯಿತೆಂದರೆ ಅವಳ ಉಸಿರೂ ಮುಂದಕ್ಕೆ ಕೇಳುತ್ತಿತ್ತು. ಅವನು ಉದ್ದದ ದಾರಿ ಹಿಡಿದ. ಬೋರ್ಡು ಬಂದಲ್ಲೆಲ್ಲ ನಿಧಾನ ಮಾಡಿದ, ಹಿಂದಿನವರು ಹಾರ್ನ್ ಹೊಡೆದರೂ ಬಿಡದೆ. ಹಿಂದಿನಿಂದ ಒಂದು ಮಾತೂ ಬರಲಿಲ್ಲ.

ಸಿಗ್ನಲ್ಲಿನಲ್ಲಿ ನಿಲ್ಲಿಸಿದ. ಎಡಗಡೆ ಅದೇ ನೀಲಿ ಬೋರ್ಡು.

"ಅದೇನು ಬರೆದಿದೆ ಅತ್ತೆ?" ಅಂತ ಕೇಳಿದ. ಅವನ ಧ್ವನಿ ಅವನಿಗೇ ಚಿಕ್ಕ ಹುಡುಗನದಂತೆ ಕೇಳಿಸಿತು.

ಅತ್ತೆ ಕಿಟಕಿಯಾಚೆ ನೋಡಿದಳು. ಕನ್ನಡಿಯಲ್ಲಿ ಅವಳ ತುಟಿ ಅಲುಗಿದ್ದು ಅವನಿಗೆ ಕಂಡಿತು, ಎರಡಕ್ಷರದಷ್ಟು. ಆಮೇಲೆ ಅವಳು ಮಡಿಲಲ್ಲಿದ್ದ ಬುತ್ತಿ ಚೀಲದ ಹಿಡಿಕೆ ಸರಿಮಾಡಿಕೊಂಡಳು.

"ಕನ್ನಡಕ ತಂದಿಲ್ಲ ಕಣೋ," ಅಂದಳು.

ಅತ್ತೆ ಯಾವತ್ತೂ ಕನ್ನಡಕ ಹಾಕಿದವಳಲ್ಲ.